ಕೊನೆಯ ಬೆಂಚಿಗೂ ಕಾಣುವಂತೆ: ಶಾಲೆಯ ಸ್ಮಾರ್ಟ್ ಕ್ಲಾಸಿನ ಒಳಲೆಕ್ಕ

ಕೈ ಪಳಗಿದ ವಿಜ್ಞಾನ ಶಿಕ್ಷಕರಿಗೆ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯಲು ಐದು ನಿಮಿಷ ಸಾಕು. ನಾಲ್ಕು ಕೋಣೆ, ಕವಾಟ, ಮಹಾಪಧಮನಿ ಎಲ್ಲವೂ ಬಂದುಬಿಡುತ್ತವೆ. ಬಾರದೆ ಉಳಿಯುವುದು ಬಡಿತ. ಮೇಲಿನ ಎರಡೂ ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಟ್ಟಿಗೆ ಕುಗ್ಗುತ್ತವೆ, ಆಮೇಲೆ ಕೆಳಗಿನ ಎರಡೂ ಹೃತ್ಕುಕ್ಷಿಗಳು ಒಟ್ಟಿಗೆ ಕುಗ್ಗುತ್ತವೆ ಎಂದು ಬಾಯಲ್ಲಿ ಹೇಳಬಹುದು, ಬಾಣದ ಗುರುತು ಹಾಕಬಹುದು. ಆದರೆ ರಕ್ತದ ದಾರಿಯನ್ನು ವಾಕ್ಯದ ಮೇಲೆ ವಾಕ್ಯವಾಗಿ ಓದಿದ ಮಗುವಿಗೆ, ಮೊದಲು ಬಲಭಾಗ ಬಡಿದು ಆಮೇಲೆ ಎಡಭಾಗ ಬಡಿಯುತ್ತದೆ ಎಂದೇ ಅನಿಸುವುದು ಸಹಜ. ಇಪ್ಪತ್ತು ಸೆಕೆಂಡಿನ ಚಲಿಸುವ ಚಿತ್ರವೊಂದು ಆ ತಪ್ಪು ತಿಳಿವಳಿಕೆಯನ್ನು ಕಿತ್ತುಹಾಕುತ್ತದೆ.

ತರಗತಿಯಲ್ಲಿ ಪರದೆಗೆ ಕೊಡಬೇಕಾದ ಕೆಲಸ ಇಂಥದ್ದು: ಬೋರ್ಡಿಗೂ ಪುಸ್ತಕಕ್ಕೂ ಆಗದ್ದು. ಚಲಿಸುವುದು, ಕಣ್ಣಿಗೆ ಕಾಣದಷ್ಟು ಚಿಕ್ಕದು, ಊರಿಂದ ನೋಡಲಾಗದಷ್ಟು ದೊಡ್ಡದು ಅಥವಾ ದೂರದ್ದು, ಏಳು ದಿನ ಹಿಡಿಯುವ ಮೊಳಕೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕ್ರಿಯೆ, ಕಿವಿಯಿಂದಲೇ ಕಲಿಯಬೇಕಾದ ದನಿ. ಇದರಾಚೆಗೆ ಪಠ್ಯದ ಪ್ಯಾರಾಗಳನ್ನೇ ಸ್ಲೈಡಿಗೆ ಹಾಕಿ ಓದಿಸುವುದು ಚಾಕ್‌ಪೀಸಿನ ಖರ್ಚು ಉಳಿಸಬಹುದು, ಅಷ್ಟೇ. ಶಾಲೆಯ ಅಂಗಳದಲ್ಲಿ ಹೊಂಗೆಮರ ನಿಂತಿರುವಾಗ ಎಲೆಯ ನಾಳವಿನ್ಯಾಸದ ವಿಡಿಯೊ ತೋರಿಸುವುದಕ್ಕೆ ಏನೆನ್ನಬೇಕೋ ಓದುವವರೇ ಹೇಳಲಿ.

ನಿಲ್ಲಿಸುವ ಗುಂಡಿ

ಪರದೆಯ ಮೂಲಕ ಪಾಠ ಎಂಬುದು ಕರ್ನಾಟಕಕ್ಕೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತ್ತು. ಆ ಹಳ್ಳಿಗಳಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳವೂ ಇದ್ದವು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠ ನೋಡಿದವು. ಈ ಎರಡೂ ಏರ್ಪಾಡುಗಳಿಗೆ ಒಂದು ಮಿತಿ ಇತ್ತು. ಪಾಠ ಪ್ರಸಾರವಾಗುವ ಹೊತ್ತು ಬೇರೆಯವರ ಕೈಯಲ್ಲಿ. ಮಗು ಕೈ ಎತ್ತಿ ಪ್ರಶ್ನೆ ಕೇಳಿದರೂ ಪ್ರಸಾರ ನಿಲ್ಲುತ್ತಿರಲಿಲ್ಲ.

ಇಂದು ಪೆನ್‌ಡ್ರೈವ್‌ನಲ್ಲಿರುವ ವಿಡಿಯೊವನ್ನು ನಿಲ್ಲಿಸಬಹುದು, ಹಿಂದಕ್ಕೆ ಒಯ್ಯಬಹುದು, ದನಿ ಮುಚ್ಚಿ ತೋರಿಸಬಹುದು. ಇಡೀ ಸ್ಮಾರ್ಟ್ ಕ್ಲಾಸಿನಲ್ಲಿ ಬೆಲೆಬಾಳುವ ಭಾಗ ಯಾವುದೆಂದರೆ ಈ ನಿಲ್ಲಿಸುವ ಗುಂಡಿ. ಹೊಸ ಸಂಗತಿಗಳನ್ನು ಮನಸ್ಸು ಒಂದು ಹೊತ್ತಿಗೆ ನಾಲ್ಕೈದರಷ್ಟು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಹತ್ತು ನಿಮಿಷದ ವಿಡಿಯೊ ಎಡೆಬಿಡದೆ ಓಡಿದರೆ ಮೊದಲು ಬಂದದ್ದನ್ನು ಆಮೇಲೆ ಬಂದದ್ದು ತಳ್ಳಿಹಾಕುತ್ತದೆ. ಮಕ್ಕಳು ಮಂತ್ರಮುಗ್ಧರಾಗಿ ಕೂತಿರುತ್ತಾರೆ. ಮಾರನೆಯ ದಿನ ಕೇಳಿದರೆ ಹಿನ್ನೆಲೆ ಸಂಗೀತ ನೆನಪಿರುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ರಿಚರ್ಡ್ ಮೇಯರ್ ಈ ವಿಷಯದ ಮೇಲೆಯೇ ದಶಕಗಟ್ಟಲೆ ಪ್ರಯೋಗ ನಡೆಸಿದವರು. ಕಣ್ಣಿಗೆ ಒಂದು ದಾರಿ, ಕಿವಿಗೆ ಒಂದು ದಾರಿ ಎಂದುಕೊಳ್ಳಿ. ಚಿತ್ರ ಕಣ್ಣಿನ ದಾರಿಯಲ್ಲಿ, ಮಾತು ಕಿವಿಯ ದಾರಿಯಲ್ಲಿ ಬಂದರೆ ಎರಡೂ ಒಳಗೆ ಸೇರಿ ಅರ್ಥವಾಗುತ್ತದೆ. ಚಿತ್ರವೂ ಓಡುತ್ತಿದೆ, ಹೇಳುವ ಮಾತೇ ಅಕ್ಷರವಾಗಿ ಕೆಳಗೂ ಹರಿಯುತ್ತಿದೆ ಎಂದರೆ ಕಣ್ಣಿನ ದಾರಿಯಲ್ಲಿ ನೂಕುನುಗ್ಗಲು. ಮಗು ಅಕ್ಷರ ಓದುತ್ತಾ ಚಿತ್ರ ಬಿಟ್ಟುಬಿಡುತ್ತದೆ. ಹಾಗಾಗಿ ಚಿತ್ರ ವಿವರಿಸುವಾಗ ಪರದೆಯಲ್ಲಿ ಭಾಗಗಳ ಹೆಸರು ಮಾತ್ರ ಇರಲಿ, ಅದೂ ಚಿತ್ರದ ಆ ಭಾಗದ ಪಕ್ಕದಲ್ಲೇ. ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ಪಟ್ಟಿ ಕೊಟ್ಟು ಚಿತ್ರದಲ್ಲಿ ಅಂಕಿ ಹಾಕಿದರೆ ಮಗುವಿನ ಗಮನ ಹುಡುಕುವುದರಲ್ಲೇ ಮುಗಿಯುತ್ತದೆ.

ಇದಕ್ಕೊಂದು ಅಪವಾದ ಉಂಟು. ಕೇಳುವ ಭಾಷೆಯೇ ಮಗುವಿಗೆ ಕಷ್ಟವಾದಾಗ, ಅಥವಾ ಓದು ಕಲಿಸುವುದೇ ಉದ್ದೇಶವಾದಾಗ ಅಡಿಬರಹ ನೆರವಾಗುತ್ತದೆ. ಹಾಡಿನ ಸಾಲನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸುವ ಪದ್ಧತಿ ಓದುವ ರೂಢಿ ಬೆಳೆಸುತ್ತದೆ ಎಂಬ ವಿಚಾರವನ್ನು ನಮ್ಮ ದೇಶದಲ್ಲಿ ಬ್ರಿಜ್ ಕೊಠಾರಿ ಅವರು 1996ರಿಂದ ಮುಂದಿಟ್ಟಿದ್ದಾರೆ. ಕನ್ನಡ ಪದ್ಯಕ್ಕೆ ಅದು ಚೆನ್ನ. ಇಂಗ್ಲಿಷ್ ದನಿಯ ವಿಜ್ಞಾನ ವಿಡಿಯೊಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ: ದನಿ ಮುಚ್ಚಿ, ಶಿಕ್ಷಕರೇ ಕನ್ನಡದಲ್ಲಿ ಹೇಳುವುದು.

ನಲವತ್ತು ನಿಮಿಷದಲ್ಲಿ ಇಮ್ಮಡಿ ಪರಿಚಲನೆ

ಹತ್ತನೆಯ ತರಗತಿಯ ಜೀವಕ್ರಿಯೆಗಳು ಪಾಠವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಬರುವ ಇಮ್ಮಡಿ ಪರಿಚಲನೆ ಎಂದರೆ ದೇಹವನ್ನು ಒಮ್ಮೆ ಸುತ್ತಿಬರಲು ರಕ್ತ ಹೃದಯವನ್ನು ಎರಡು ಸಲ ಹಾಯುವುದು. ಮೊದಲ ಎಂಟು ನಿಮಿಷ ಪರದೆ ಹಚ್ಚುವುದೇ ಬೇಡ. ಬೋರ್ಡಿನ ಮೇಲೆ ಒಂದು ಚೌಕ, ಅದರೊಳಗೆ ಒಂದು ಕೂಡುವ ಚಿಹ್ನೆ: ನಾಲ್ಕು ಕೋಣೆಗಳಾದವು. ಮೇಲಿನವು ಹೃತ್ಕರ್ಣ, ಕೆಳಗಿನವು ಹೃತ್ಕುಕ್ಷಿ. ಚಿತ್ರದಲ್ಲಿ ಎಡ-ಬಲ ಅದಲುಬದಲಾಗಿರುವುದು ಯಾಕೆಂದು ಇಲ್ಲೇ ಬಗೆಹರಿಸಬೇಕು: ಚಿತ್ರದ ಮನುಷ್ಯ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾನೆ. ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ ಬಲಗೈ ಎತ್ತಲು ಹೇಳಿದರೆ ಮುಗಿಯಿತು. ಹೆಸರುಗಳು ಮೊದಲೇ ಗೊತ್ತಿದ್ದರೆ ವಿಡಿಯೊ ಓಡುವಾಗ ಮಗುವಿನ ಗಮನ ಚಲನೆಯ ಮೇಲಿರುತ್ತದೆ.

ಆಮೇಲೆ ಒಂದು ಪ್ರಶ್ನೆ. ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಅಲ್ಲಿಂದಲೇ ನೇರವಾಗಿ ದೇಹಕ್ಕೆ ಹೋಗಬಹುದಿತ್ತಲ್ಲ, ಮತ್ತೆ ಹೃದಯಕ್ಕೆ ಯಾಕೆ ಬರುತ್ತದೆ? ಪ್ರತಿಯೊಬ್ಬರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಬೇಕು. ಈ ಎರಡು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬಾರದು. ಹಾರ್ವರ್ಡ್‌ನ ಎರಿಕ್ ಮಜೂರ್ ಅವರ ತಂಡ ಭೌತವಿಜ್ಞಾನದ ತರಗತಿ ಪ್ರಯೋಗಗಳ ಬಗ್ಗೆ 2004ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ: ಸುಮ್ಮನೆ ಪ್ರಯೋಗ ನೋಡಿದವರು ನೋಡದವರಿಗಿಂತ ಹೆಚ್ಚೇನೂ ತಿಳಿದುಕೊಂಡಿರಲಿಲ್ಲ, ಮೊದಲು ಊಹೆ ಮಾಡಿ ಆಮೇಲೆ ನೋಡಿದವರು ಮುಂದಿದ್ದರು. ಅದು ಕಣ್ಣೆದುರು ಮಾಡಿ ತೋರಿಸುವ ಪ್ರಯೋಗಗಳ ಮಾತು. ಆದರೂ ವಿಡಿಯೊಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು, ಕೂತು ನೋಡುವ ಅಭ್ಯಾಸವನ್ನು ಟಿವಿ ಮೊದಲೇ ಕಲಿಸಿಬಿಟ್ಟಿದೆ.

ಈಗ ಒಂದೂವರೆ ನಿಮಿಷದ ತುಣುಕು, ದನಿ ಇಲ್ಲದೆ. ಮೂರು ಕಡೆ ನಿಲ್ಲಿಸಿ: ಬಲ ಹೃತ್ಕುಕ್ಷಿಯಿಂದ ರಕ್ತ ಹೊರಡುವಲ್ಲಿ, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಮರಳುವಲ್ಲಿ, ಎಡ ಹೃತ್ಕುಕ್ಷಿ ಕುಗ್ಗುವಲ್ಲಿ. ಮೂರನೆಯದರಲ್ಲಿ ಗೋಡೆಯ ದಪ್ಪ ಗಮನಿಸಲು ಹೇಳಿ. ಶ್ವಾಸಕೋಶದ ಸಣ್ಣ ಲೋಮನಾಳಗಳನ್ನು ದಾಟುವಾಗ ರಕ್ತದ ಒತ್ತಡ ಇಳಿದುಹೋಗುತ್ತದೆ, ತಲೆಯಿಂದ ಕಾಲ್ಬೆರಳಿನ ತನಕ ಕಳಿಸಲು ಮತ್ತೆ ಒತ್ತಬೇಕು, ಆ ಕೆಲಸಕ್ಕೇ ದಪ್ಪ ಗೋಡೆ. ಅವರ ಊಹೆಗೆ ಉತ್ತರ ಅಲ್ಲೇ ಸಿಕ್ಕಿತು.

ನಂತರ ಪರದೆ ಕಪ್ಪು. ಪವರ್‌ಪಾಯಿಂಟ್‌ನಲ್ಲಿ ‘ಬಿ’ ಕೀಲಿ ಒತ್ತಿದರೆ ಸಾಕು. ಪ್ರೊಜೆಕ್ಟರಿನ ರಿಮೋಟಿನಲ್ಲೂ ಪರದೆ ಮರೆಮಾಡುವ ಗುಂಡಿ ಇರುತ್ತದೆ. ಮಕ್ಕಳು ಚೌಕ ಬರೆದು ಬಾಣ ಹಾಕಲಿ, ಹತ್ತು ನಿಮಿಷ. ಶಿಕ್ಷಕರು ಬೆಂಚುಗಳ ನಡುವೆ ತಿರುಗಿದರೆ ಎರಡು ತಪ್ಪು ಕಣ್ಣಿಗೆ ಬೀಳುವುದು ಹೆಚ್ಚುಕಮ್ಮಿ ಖಚಿತ. ಒಂದು, ಅಪಧಮನಿ ಎಂದರೆ ಆಮ್ಲಜನಕ ಇರುವ ರಕ್ತವೇ ಎಂದು ತಿಳಿದು ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪುಪ್ಪುಸ ಅಪಧಮನಿಯನ್ನೂ ಕೆಂಪಾಗಿಸುವುದು. ಎರಡು, ಆಮ್ಲಜನಕ ಕಡಿಮೆಯಾದ ರಕ್ತ ನಿಜಕ್ಕೂ ನೀಲಿ ಎಂದು ನಂಬುವುದು. ಈ ಎರಡನೆಯದು ವಿಡಿಯೊವೇ ಕಲಿಸಿದ ತಪ್ಪು. ನೀಲಿ ಗುರುತಿಗಾಗಿ ಬಳಿದ ಬಣ್ಣ, ರಕ್ತ ಆಗಲೂ ಕಡುಗೆಂಪೇ ಎಂದು ಬಾಯಿಬಿಟ್ಟು ಹೇಳಬೇಕು. ಕೊನೆಯಲ್ಲಿ ಅದೇ ತುಣುಕು ಇನ್ನೊಮ್ಮೆ, ಮಕ್ಕಳು ಹೇಳುವ ಮಾತಿನೊಂದಿಗೆ. ಒಟ್ಟು ಪರದೆ ಉರಿದದ್ದು ಆರೇಳು ನಿಮಿಷ.

ಪರದೆ ಎಷ್ಟು ದೊಡ್ಡದಿರಬೇಕು

ಇಲ್ಲಿಂದ ಮುಂದಿನದು ಅಳತೆಪಟ್ಟಿ ಹಿಡಿಯುವ ಕೆಲಸ. ನಮ್ಮ ಕೊಠಡಿಗಳು ಸಾಮಾನ್ಯವಾಗಿ ಇಪ್ಪತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ಆಸುಪಾಸಿನವು. ಕೊನೆಯ ಬೆಂಚು ಪರದೆಯಿಂದ ಸುಮಾರು 7 ಮೀಟರ್ ದೂರ. ಬಳಕೆಯಲ್ಲಿರುವ ಸರಳ ಸೂತ್ರ: ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಕೂತವರಿಗೆ ಬರಹ ಓದಲಾಗದು.

ಈ ಸೂತ್ರ ಹಿಡಿದು ನೋಡಿ. 43 ಇಂಚಿನ ಟಿವಿಯ ಪರದೆ 53 ಸೆಂಟಿಮೀಟರ್ ಎತ್ತರ. ಆರು ಪಟ್ಟು ಎಂದರೆ 3.2 ಮೀಟರ್, ಅಂದರೆ ಎರಡನೆಯ ಅಥವಾ ಮೂರನೆಯ ಬೆಂಚು. ದಾನಿಗಳು ಪ್ರೀತಿಯಿಂದ ಕೊಟ್ಟ ಟಿವಿಯ ಮುಂದೆ ಹಿಂದಿನ ಮಕ್ಕಳು ಗದ್ದಲ ಮಾಡುವುದಕ್ಕೆ ಶಿಸ್ತಿನ ಕೊರತೆ ಕಾರಣವಲ್ಲ, ಅವರಿಗೆ ಕಾಣುತ್ತಿಲ್ಲ. 65 ಇಂಚಿನದು 81 ಸೆಂಟಿಮೀಟರ್, 4.9 ಮೀಟರ್‌ವರೆಗೆ ಸಲ್ಲುತ್ತದೆ. ಏಳು ಮೀಟರಿಗೆ 1.17 ಮೀಟರ್ ಎತ್ತರ, 1.87 ಮೀಟರ್ ಅಗಲದ ಚಿತ್ರ ಬೇಕು, ಹೆಚ್ಚುಕಮ್ಮಿ ನಾಲ್ಕಡಿ–ಆರಡಿ. ಅದು ಪ್ರೊಜೆಕ್ಟರಿನ ಕೆಲಸ. ಟಿವಿಯೇ ಇರುವುದಾದರೆ ಬೆಂಚುಗಳನ್ನು ಸರಿಸಿ ಮಕ್ಕಳನ್ನು ಜಮಖಾನದ ಮೇಲೆ ಅರ್ಧವೃತ್ತವಾಗಿ ಹತ್ತಿರ ಕೂರಿಸಿ, ಅಥವಾ ಅರ್ಧ ತರಗತಿಗೆ ಪರದೆ, ಅರ್ಧಕ್ಕೆ ಬರವಣಿಗೆ ಕೊಟ್ಟು ಅದಲುಬದಲು ಮಾಡಿ.

ಪ್ರೊಜೆಕ್ಟರನ್ನು ಎಷ್ಟು ದೂರ ಇಡಬೇಕೆಂಬುದು ಅದರ ಜೊತೆ ಬಂದ ಹಾಳೆಯಲ್ಲಿ ‘ಥ್ರೋ ರೇಶಿಯೊ’ ಎಂದು ಬರೆದಿರುತ್ತದೆ. ಅದನ್ನು ಚಿತ್ರದ ಅಗಲದಿಂದ ಗುಣಿಸಿದರೆ ದೂರ. 1.5 ಇದ್ದರೆ 1.87 ಮೀಟರ್ ಅಗಲಕ್ಕೆ 2.8 ಮೀಟರ್. 0.5ರ ಶಾರ್ಟ್ ಥ್ರೋ ಆದರೆ ಒಂದು ಮೀಟರಿಗಿಂತ ಕಡಿಮೆ. ಶಿಕ್ಷಕರ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ, ಕಣ್ಣಿಗೆ ಬೆಳಕೂ ಹೊಡೆಯುವುದಿಲ್ಲ. ಪ್ರೊಜೆಕ್ಟರನ್ನು ಓರೆಯಾಗಿಟ್ಟು ಚಿತ್ರವನ್ನು ಕೀಸ್ಟೋನ್ ಗುಂಡಿಯಿಂದ ನೇರ ಮಾಡುವುದು ಸುಲಭವೇ. ಆದರೆ ಅದು ಇರುವ ಚುಕ್ಕಿಗಳಲ್ಲೇ ಕೆಲವನ್ನು ಕೈಬಿಟ್ಟು ಚಿತ್ರ ಕುಗ್ಗಿಸುವ ಉಪಾಯ. ಕನ್ನಡದ ಸಣ್ಣ ಒತ್ತಕ್ಷರಗಳು ಮೊದಲು ಮಸುಕಾಗುವುದು ಅಲ್ಲೇ. ನೇರವಾಗಿ ಕೂರಿಸಿ.

ಗೋಡೆಗೆ ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಬಳಿದರೆ ಪರದೆ ಬೇರೆ ಬೇಡ. ಎನಾಮಲ್ ಪೇಂಟಿನ ಮೇಲೆ, ಮಾರ್ಕರ್ ಬೋರ್ಡಿನ ಮೇಲೆ ಬಲ್ಬಿನ ಬಿಂಬ ಬಿದ್ದು ನಡುವೆ ಬೆಳ್ಳನೆಯ ಮಚ್ಚೆಯಾಗುತ್ತದೆ.

ಲ್ಯೂಮೆನ್ ಕೊಳ್ಳುವ ಮೊದಲು ಬಟ್ಟೆ ಕೊಳ್ಳಿ

ಚಿತ್ರ ಮಂಕಾಗಿ ಕಾಣುತ್ತದೆ, ಹೊಸ ಪ್ರೊಜೆಕ್ಟರ್ ಬೇಕು ಎಂಬ ಬೇಡಿಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬಂದಾಗ ಈ ಲೆಕ್ಕ ಒಮ್ಮೆ ಮಾಡಿ. ಲ್ಯೂಮೆನ್ ಎಂದರೆ ಪ್ರೊಜೆಕ್ಟರ್ ಎಸೆಯುವ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕು. 3000 ಲ್ಯೂಮೆನ್ ಬೆಳಕು 2.2 ಚದರ ಮೀಟರ್ ಚಿತ್ರದ ಮೇಲೆ ಹರಡಿದರೆ ಸುಮಾರು 1370 ಲಕ್ಸ್. ಕಿಟಕಿಯ ಬೆಳಕು ಅದೇ ಗೋಡೆಯ ಮೇಲೆ 300 ಲಕ್ಸ್ ಬೀಳುತ್ತಿದೆ ಎನ್ನಿ. ಪ್ರೊಜೆಕ್ಟರ್ ಕಪ್ಪು ಬಣ್ಣ ಎಸೆಯಲಾರದು. ಪರದೆಯ ಮೇಲಿನ ಕಪ್ಪು ಎಂದರೆ ಕೋಣೆಯ ಬೆಳಕೇ. ಹಾಗಾಗಿ ಬಿಳಿ-ಕಪ್ಪಿನ ಅಂತರ 1670ಕ್ಕೆ 300, ಐದೂವರೆ ಪಟ್ಟು. ಬಲ್ಬ್ ಹಳೆಯದಾದಂತೆ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಡಬ್ಬದ ಮೇಲೆ ಬರೆಯುವ ಬಲ್ಬಿನ ಆಯಸ್ಸೆಂದರೆ ಸಾಮಾನ್ಯವಾಗಿ ಬೆಳಕು ಅರ್ಧವಾಗುವ ತನಕದ ಗಂಟೆಗಳು. ಆಗ ಅಂತರ ಮೂರು ಪಟ್ಟಿಗೆ ಬಂತು. ಅಕ್ಷರ ಕಷ್ಟಪಟ್ಟು ಓದಬಹುದು, ಫೋಟೊ ಬೂದು. ಈಗ ಅದೇ ಹಳೆಯ ಬಲ್ಬು ಇರಲಿ, ಪರದೆಗೆ ಹತ್ತಿರದ ಎರಡು ಕಿಟಕಿಗೆ ದಪ್ಪ ಕರ್ಟನ್ ಹಾಕಿ ಗೋಡೆಯ ಬೆಳಕನ್ನು 60 ಲಕ್ಸಿಗೆ ಇಳಿಸಿ. ಅಂತರ ಹನ್ನೆರಡು ಪಟ್ಟು. ಬಟ್ಟೆ ಅಂಗಡಿಯಲ್ಲಿ ಮುಗಿಯುವ ಕೆಲಸ.

ಹಾಗೆಂದು ಕೋಣೆಯನ್ನು ಸಿನಿಮಾ ಟಾಕೀಸು ಮಾಡಬಾರದು. ಕತ್ತಲಲ್ಲಿ ಮಕ್ಕಳು ಬರೆಯಲಾರರು, ಶಿಕ್ಷಕರಿಗೆ ಮುಖ ಕಾಣದು. ಬೇಕಾದದ್ದು ಮುಂದೆ ಮಬ್ಬು, ಹಿಂದೆ ಬೆಳಕು. ವೈರಿಂಗ್ ಮಾಡಿಸುವಾಗ ಬೋರ್ಡಿನ ಹತ್ತಿರದ ಟ್ಯೂಬ್‌ಲೈಟಿಗೆ ಬೇರೆಯದೇ ಸ್ವಿಚ್ ಇಡಿಸಿ. ಎಲ್ಲ ಟ್ಯೂಬ್‌ಗಳೂ ಒಂದೇ ಸ್ವಿಚ್ಚಿಗೆ ಸೇರಿರುವ ಕೋಣೆಯಲ್ಲಿ ಯಾವ ಪ್ರೊಜೆಕ್ಟರ್ ತಂದರೂ ಕಿರಿಕಿರಿ ತಪ್ಪದು.

ದನಿ

ಲ್ಯಾಪ್‌ಟಾಪಿನ ಒಳಗಿನ ಸ್ಪೀಕರ್ ಒಂದೆರಡು ವಾಟಿನದು, ಫ್ಯಾನಿನ ಸದ್ದಿಗೇ ಮುಳುಗುತ್ತದೆ. 20 ವಾಟಿನ ಒಂದು ಜೊತೆ ಸ್ಪೀಕರ್ ನಲವತ್ತು ಮಕ್ಕಳ ಕೋಣೆಗೆ ಸಾಕು. ಅವನ್ನು ನೆಲದ ಮೇಲಿಟ್ಟರೆ ಮುಂದಿನ ಬೆಂಚಿನ ಕಾಲುಗಳೇ ಕೇಳಿಸಿಕೊಳ್ಳುತ್ತವೆ. ಕೂತ ಮಕ್ಕಳ ತಲೆಗಿಂತ ತುಸು ಮೇಲೆ, ಪರದೆಯ ಎರಡೂ ಪಕ್ಕ ಇರಲಿ.

ಸದ್ದು ಜೋರಾಗಿದ್ದರೂ ಮಾತು ತಿಳಿಯುವುದಿಲ್ಲ ಎಂಬ ದೂರಿಗೆ ಕಾರಣ ಪ್ರತಿಧ್ವನಿ. ಸಿಮೆಂಟ್ ಗೋಡೆ, ಆರ್‌ಸಿಸಿ ಸೂರು, ಗ್ರಾನೈಟ್ ನೆಲ ಮೂರೂ ಸದ್ದನ್ನು ಹೀರದೆ ವಾಪಸು ಎಸೆಯುತ್ತವೆ. ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಸದ್ದಿಗೆ ಬಾಲ ಇದ್ದರೆ ಸಮಸ್ಯೆ ಇದೆ. ವಾಲ್ಯೂಮ್ ಏರಿಸಿದರೆ ಬಾಲವೂ ಏರುತ್ತದೆ. ಹಿಂದಿನ ಗೋಡೆಗೆ ಜಮಖಾನ ಅಥವಾ ದಪ್ಪ ಬಟ್ಟೆ ತೂಗುಹಾಕಿದರೆ, ಮಕ್ಕಳ ಕೈಕೆಲಸದ ರಟ್ಟಿನ ಚಾರ್ಟುಗಳನ್ನು ಗೋಡೆಯಿಂದ ಒಂದೆರಡು ಅಂಗುಲ ಬಿಟ್ಟು ಕಟ್ಟಿದರೆ ತಕ್ಕಮಟ್ಟಿಗೆ ಇಳಿಯುತ್ತದೆ. ಫ್ಲೆಕ್ಸ್ ಬ್ಯಾನರಿನಿಂದ ಪ್ರಯೋಜನವಿಲ್ಲ.

ಪಾಠದ ಹೊತ್ತಿಗೆ ಸರಿಯಾಗಿ ದನಿ ಮಾಯವಾಗುವುದಕ್ಕೆ ಎರಡು ಸಾಮಾನ್ಯ ಕಾರಣ. ಹಳೆಯ ನೀಲಿ ತಲೆಯ ವಿಜಿಎ ವೈರ್ ಚಿತ್ರವನ್ನು ಮಾತ್ರ ಒಯ್ಯುತ್ತದೆ, ದನಿಗೆ ಬೇರೆ ವೈರ್ ಬೇಕು. ಎಚ್‌ಡಿಎಂಐ ಹಾಕಿದರೆ ತದ್ವಿರುದ್ಧ: ವಿಂಡೋಸ್ ತಾನಾಗಿಯೇ ದನಿಯನ್ನು ಪ್ರೊಜೆಕ್ಟರಿಗೆ ಕಳಿಸಿಬಿಡುತ್ತದೆ, ಸ್ಪೀಕರ್ ಸುಮ್ಮನಿರುತ್ತದೆ. ಕೆಳಗಿನ ಮೂಲೆಯ ಸ್ಪೀಕರ್ ಗುರುತು ಒತ್ತಿ ಸರಿಯಾದುದನ್ನು ಆರಿಸಿ. ಬ್ಲೂಟೂತ್ ಸ್ಪೀಕರ್‌ನಲ್ಲಿ ದನಿ ತುಸು ತಡವಾಗಿ ಬರುವುದರಿಂದ ತುಟಿಗೂ ಮಾತಿಗೂ ಹೊಂದುವುದಿಲ್ಲ. ಭಾಷಾ ಪಾಠಕ್ಕೆ ವೈರೇ ಮೇಲು.

ಅಂದಹಾಗೆ, ಪರದೆಯೇ ಇಲ್ಲದ ಶಾಲೆ ಒಂದು ಜೊತೆ ಸ್ಪೀಕರ್‌ನಿಂದಲೇ ಶುರು ಮಾಡಬಹುದು. ಹಳಗನ್ನಡದ ಪದ್ಯವನ್ನು ಗಮಕಿಯೊಬ್ಬರು ಪದ ಬಿಡಿಸಿ ಹಾಡಿದ್ದನ್ನು ಎರಡು ಸಲ ಕೇಳಿದ ಮಗುವಿಗೆ ಎಲ್ಲಿ ನಿಲ್ಲಿಸಬೇಕು, ಯಾವ ಪದ ಯಾವುದಕ್ಕೆ ಸೇರುತ್ತದೆ ಎಂಬುದು ಅರ್ಧ ತಿಳಿದುಬಿಟ್ಟಿರುತ್ತದೆ.

ಅಕ್ಷರ ಒಡೆಯುವುದು ಯಾಕೆ

ಮನೆಯಲ್ಲಿ ಚೆನ್ನಾಗಿದ್ದ ಸ್ಲೈಡು ಶಾಲೆಯ ಕಂಪ್ಯೂಟರಿನಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ತೆರೆದುಕೊಳ್ಳುವುದು ಕನ್ನಡ ಶಿಕ್ಷಕರಿಗೆ ಹಳೆಯ ಪರಿಚಯ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಡತದೊಳಗೆ ಉಳಿಯುವುದು ಕನ್ನಡವಲ್ಲ, ಲ್ಯಾಟಿನ್ ಅಕ್ಷರಗಳ ಸಂಕೇತ. ಫಾಂಟು ಆ ಸಂಕೇತಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಯಾವ ಕನ್ನಡ ಫಾಂಟು ಇದ್ದರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಸಿಗುತ್ತವೆ. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಹೆಚ್ಚಾಗಿ ಎಡವುವುದು ಅಲ್ಲೇ. ಚಲನೆ ಇಲ್ಲದ ಸ್ಲೈಡಾದರೆ ಪಿಡಿಎಫ್ ಮಾಡಿಟ್ಟುಕೊಳ್ಳುವುದು ನಿಶ್ಚಿಂತೆ.

ಕೆಲವು ವಿಡಿಯೊ ಎಡಿಟಿಂಗ್ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡವೂ ಒಡೆಯುತ್ತದೆ, ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಆ ಪದವನ್ನು ಪವರ್‌ಪಾಯಿಂಟ್‌ನಲ್ಲಿ ಬರೆದು, ಚಿತ್ರವಾಗಿ ಉಳಿಸಿ, ವಿಡಿಯೊ ಮೇಲೆ ಅಂಟಿಸಿದರೆ ತೊಂದರೆ ತಪ್ಪುತ್ತದೆ.

ಗಾತ್ರದ ವಿಷಯ. ನೋಡುವ ದೂರವನ್ನು 200ರಿಂದ ಭಾಗಿಸಿದರೆ ಬೇಕಾದ ಅಕ್ಷರದ ಎತ್ತರ: 7 ಮೀಟರಿಗೆ 3.5 ಸೆಂಟಿಮೀಟರ್. ಫಾಂಟಿನ ಅಳತೆ ಎಂಬುದು ಅಕ್ಷರದ ಎತ್ತರವಲ್ಲ. ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರಗಳಿಗೂ ಜಾಗ ಹಿಡಿದಿರುವುದರಿಂದ ಕನ್ನಡದ ಮೂಲ ಅಕ್ಷರಕ್ಕೆ ಸಿಗುವುದು ಸುಮಾರು ಅರ್ಧ. ಹಾಗಾಗಿ 32 ಪಾಯಿಂಟಿಗಿಂತ ಕಡಿಮೆ ಬೇಡ, ಸ್ಲೈಡಿಗೆ ಆರೇಳು ಸಾಲು ದಾಟುವುದು ಬೇಡ. ಕೆಂಪು-ಹಸಿರು ಬಣ್ಣದ ವ್ಯತ್ಯಾಸ ತಿಳಿಯದ ಮಕ್ಕಳು ತರಗತಿಯಲ್ಲಿ ಇರಬಹುದು. ಬಣ್ಣದ ಜೊತೆ ಗೆರೆಯ ಬಗೆಯನ್ನೂ ಬೇರೆ ಮಾಡಿ.

ಕಡತ, ನೆಟ್, ಕರೆಂಟ್

ಪಾಠದ ಹೊತ್ತಿಗೆ ಯೂಟ್ಯೂಬ್ ತೆರೆದರೆ ಮೊದಲು ಜಾಹೀರಾತು, ನಡುವೆ ಸುತ್ತುವ ಚಕ್ರ, ಮುಗಿದೊಡನೆ ಯಾವುದೋ ಸಂಬಂಧವಿಲ್ಲದ ವಿಡಿಯೊ. ಸಾಮಗ್ರಿ ಮೊದಲೇ ಕೈಯಲ್ಲಿರಬೇಕು. 2017ರಲ್ಲಿ ಶುರುವಾದ, ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಗುರುತು ಸ್ಕ್ಯಾನ್ ಮಾಡಿ ಆ ಪಾಠದ ಸಾಮಗ್ರಿಯನ್ನು ಆ್ಯಪ್‌ಗೆ ಇಳಿಸಿಕೊಂಡರೆ ನೆಟ್ ಇಲ್ಲದೆ ತೋರಿಸಬಹುದು. ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡಿನೋಡುವ ಪ್ರಯೋಗಗಳು, ಉಚಿತ, ಹಲವು ಕನ್ನಡದಲ್ಲೂ ಇವೆ, ಒಂದೊಂದೂ ಬ್ರೌಸರಿನಲ್ಲಿ ತೆರೆಯುವ ಸಣ್ಣ ಕಡತ. ಓಮ್‌ನ ನಿಯಮಕ್ಕೆ ಅದರ ವಿದ್ಯುನ್ಮಂಡಲ ಚೆನ್ನಾಗಿದೆ, ಎಲೆಕ್ಟ್ರಾನು ಓಡುವುದು ಕಾಣುತ್ತದೆ. ಆದರೆ ಅಲ್ಲಿ ವೈರ್ ಸಡಿಲಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮೊದಲು ನಿಜವಾದ ಸೆಲ್ಲು, ಬಲ್ಬು, ವೈರ್ ಮಕ್ಕಳ ಕೈಗೆ ಕೊಡಿ. ಬಲ್ಬು ಯಾಕೆ ಮಂಕಾಯಿತು ಎಂಬ ಪ್ರಶ್ನೆ ಎದ್ದ ಮೇಲೆ ಪರದೆಗೆ ಬನ್ನಿ.

ವಿಡಿಯೊ ಕಡತ ಎಂಪಿ4 ಆಗಿರಲಿ, ಒಳಗಿನ ಸಂಕೇತನ ಎಚ್.264. ಇದಕ್ಕಿಂತ ಹೊಸದಾದ ಎಚ್.265 ಹಳೆಯ ಟಿವಿಗಳಲ್ಲಿ ದನಿ ಮಾತ್ರ ಬಂದು ಚಿತ್ರ ಬಾರದೆ ಕೂರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 720ಪಿ ಆರಿಸಿ ಬದಲಿಸಿಕೊಳ್ಳಬಹುದು. ಸೆಕೆಂಡಿಗೆ 2 ಮೆಗಾಬಿಟ್‌ನ ಐದು ನಿಮಿಷದ ತುಣುಕು 75 ಎಂಬಿ. ಅರವತ್ತು ತುಣುಕಿಗೆ 4.5 ಜಿಬಿ, ಒಂದು ವಿಷಯದ ವರ್ಷದ ಸಾಮಗ್ರಿ 16 ಜಿಬಿ ಪೆನ್‌ಡ್ರೈವ್‌ನಲ್ಲಿ ಆರಾಮಾಗಿ ಕೂರುತ್ತದೆ. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದರೆ ಬಹುತೇಕ ಎಲ್ಲ ಟಿವಿ ಓದುತ್ತದೆ, ಒಂದೊಂದು ಕಡತ 4 ಜಿಬಿ ಮೀರಬಾರದು ಅಷ್ಟೇ. ಕಡತದ ಹೆಸರಿನಲ್ಲಿ ಕನ್ನಡವಿದ್ದರೆ ಕೆಲವು ಟಿವಿ ಬರೀ ಡಬ್ಬಿಗಳನ್ನು ತೋರಿಸುತ್ತದೆ. ತರಗತಿ, ವಿಷಯ, ಪಾಠದ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರ-ಅಂಕಿಯಲ್ಲೇ ಬರೆಯಿರಿ.

ಕರೆಂಟಿನ ಲೆಕ್ಕ ಹೀಗೆ. ಬಲ್ಬಿನ ಪ್ರೊಜೆಕ್ಟರ್ 280 ವಾಟ್, ಲ್ಯಾಪ್‌ಟಾಪ್ 50, ಸ್ಪೀಕರ್ 20. ಕಂಪ್ಯೂಟರಿನ ಜೊತೆ ಬರುವ 600 ವಿಎ ಯುಪಿಎಸ್‌ಗೆ ಸುಮಾರು 360 ವಾಟಿನ ಶಕ್ತಿ. ಒಳಗಿನ ಚಿಕ್ಕ ಬ್ಯಾಟರಿ ಹತ್ತು ನಿಮಿಷ ಹೊತ್ತರೆ ಹೆಚ್ಚು. ಅದು ಪಾಠ ಮುಗಿಸಲು ಸಾಲದು, ಆದರೆ ಬಲ್ಬನ್ನು ಉಳಿಸಲು ಸಾಕು. ಕರೆಂಟ್ ಥಟ್ಟನೆ ಹೋದರೆ ಕಾದ ಬಲ್ಬನ್ನು ತಣ್ಣಗೆ ಮಾಡುವ ಫ್ಯಾನೂ ನಿಲ್ಲುತ್ತದೆ, ಇಂಥ ಹತ್ತಾರು ಪೆಟ್ಟು ತಿಂದ ಬಲ್ಬು ಆಯಸ್ಸಿಗೆ ಮೊದಲೇ ಹೋಗುತ್ತದೆ. ಪಾಠವೂ ನಡೆಯಬೇಕಾದರೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಬೇಕು: 12 ವೋಲ್ಟಿಗೆ 1800 ವಾಟ್-ಗಂಟೆ, ಅರ್ಧ ಬಳಸಿ ನಷ್ಟ ಕಳೆದರೆ ಎರಡು ಗಂಟೆ ಸಿಗುತ್ತದೆ. ಸೈನ್ ವೇವ್ ಇನ್ವರ್ಟರೇ ಆಗಲಿ. ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಸ್ಪೀಕರ್ ಗುಂಯ್‌ಗುಡುತ್ತದೆ.

ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಜುಮ್ ಎನ್ನುತ್ತಿದೆಯೆ? ಅರ್ಥಿಂಗ್ ಸರಿಯಿಲ್ಲ. ಮೊದಲು ಸುಡುವುದು ಎಚ್‌ಡಿಎಂಐ ಪೋರ್ಟ್. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಏನನ್ನೂ ಹಚ್ಚಬೇಡಿ. ಎಚ್‌ಡಿಎಂಐ ವೈರ್ 10 ಮೀಟರಿನ ಒಳಗಿರಲಿ. 15 ಮೀಟರಿನ ಸಾಧಾರಣ ವೈರಿನಲ್ಲಿ ಚಿತ್ರ ಮಿನುಗಿ ‘ನೋ ಸಿಗ್ನಲ್’ ಬರುತ್ತದೆ. ವೈರ್ ಸರಿಯಿದ್ದೂ ಚಿತ್ರ ಬಾರದಿದ್ದರೆ ವಿಂಡೋಸ್ ಕೀಲಿಯೊಂದಿಗೆ ‘ಪಿ’ ಒತ್ತಿ ಡ್ಯೂಪ್ಲಿಕೇಟ್ ಆರಿಸಿ.

ಫೋನನ್ನೇ ಕ್ಯಾಮೆರಾ ಮಾಡಿ

ಖರ್ಚಿಲ್ಲದೆ ಹೆಚ್ಚು ಫಲ ಕೊಡುವ ಉಪಾಯ ಇದು. ಕೈವಾರ ಹಿಡಿದು ಕೋನಾರ್ಧಕ ಎಳೆಯುವುದು, ದಾಸವಾಳದ ಅಂಡಾಶಯ ಸೀಳುವುದು, ಮಗುವೊಂದು ಲೆಕ್ಕ ಬಿಡಿಸಿದ ರೀತಿ, ಇವನ್ನೆಲ್ಲ ಮೇಜಿನ ಮೇಲೆ ಮಾಡುತ್ತಲೇ ಇಡೀ ತರಗತಿಗೆ ತೋರಿಸಬಹುದು. ಒಂದಡಿ ಎತ್ತರಕ್ಕೆ ಪುಸ್ತಕ ಪೇರಿಸಿ, ಮೇಲೆ ಮರದ ಸ್ಕೇಲಿಟ್ಟು, ಅದರ ಚಾಚಿದ ತುದಿಗೆ ಫೋನನ್ನು ಕ್ಯಾಮೆರಾ ಕೆಳಮುಖವಾಗಿ ರಬ್ಬರ್‌ಬ್ಯಾಂಡಿನಿಂದ ಕಟ್ಟಿ; ಸ್ಕೇಲಿನ ಇನ್ನೊಂದು ತುದಿಯ ಮೇಲೆ ಭಾರವಾದ ನಿಘಂಟು. ಒಂದು ಎ4 ಹಾಳೆ ಪೂರ್ತಿ ಹಿಡಿಸುತ್ತದೆ. ಫೋನಿನ ಪರದೆಯನ್ನು ಲ್ಯಾಪ್‌ಟಾಪಿಗೆ ಯುಎಸ್‌ಬಿ ವೈರಿನ ಮೂಲಕ ಒಯ್ಯುವ ಉಚಿತ ತಂತ್ರಾಂಶಗಳಿವೆ; ವೈರಿಲ್ಲದ ಕಾಸ್ಟಿಂಗ್‌ನಲ್ಲಿ ಚಿತ್ರ ತುಸು ತಡವಾಗುವುದರಿಂದ ಕೈಗೂ ಕಣ್ಣಿಗೂ ತಾಳ ತಪ್ಪುತ್ತದೆ. ಫೋಕಸ್ ಪದೇಪದೇ ಅಲುಗಿದರೆ ಪರದೆಯ ಮೇಲೆ ಬೆರಳು ಒತ್ತಿಹಿಡಿದು ಬೀಗ ಹಾಕಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಲು ಮರೆಯಬೇಡಿ. ಮನೆಯ ವಾಟ್ಸ್ಆ್ಯಪ್ ಸಂದೇಶ ನಾಲ್ಕಡಿ ಎತ್ತರದಲ್ಲಿ ಮೂಡಿದರೆ ಆ ಪಿರಿಯಡ್ ಅಲ್ಲಿಗೆ ಮುಗಿಯಿತು.

ದೂಳು, ತೇವ, ಕೀಲಿ

ಚಾಕ್‌ಪೀಸಿನ ಪುಡಿ ಪ್ರೊಜೆಕ್ಟರಿನ ಗಾಳಿಯ ಜಾಲರಿಗೆ ಕಟ್ಟಿಕೊಂಡರೆ ಅದು ಬಿಸಿಯಾಗಿ ತಾನೇ ಆರುತ್ತದೆ. ಫಿಲ್ಟರ್ ಇರುವ ಮಾದರಿಯಾದರೆ ತಿಂಗಳಿಗೊಮ್ಮೆ ಹೊರತೆಗೆದು ಮೃದು ಬ್ರಶ್ಶಿನಿಂದ ಒರೆಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಹಚ್ಚಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಡಿಶ್ ಅಥವಾ ನೆಟ್ಟಿನ ವೈರ್ ಇದ್ದರೆ ಅದನ್ನೂ. ಬೇಸಿಗೆ ರಜೆಗೆ ಮುಂಚೆ ರಿಮೋಟಿನ ಸೆಲ್ ತೆಗೆದಿಡಿ, ಪೋರ್ಟುಗಳಿಗೆ ಕಾಗದದ ಟೇಪ್ ಅಂಟಿಸಿ. ಇರುವೆಗಳಿಗೂ ಹಲ್ಲಿಗೂ ಪ್ರೊಜೆಕ್ಟರಿನ ಒಳಮನೆ ಬಹಳ ಇಷ್ಟ.

ಇನ್ನು ಕೀಲಿ. ಬೀಗದ ಕೈ ಮುಖ್ಯ ಶಿಕ್ಷಕರ ಬೀರುವಿನಲ್ಲಿದ್ದು ಅವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಗೆ ಹೋಗಿದ್ದರೆ ಮೇಲಿನ ಯಾವ ಲೆಕ್ಕವೂ ಉಪಯೋಗಕ್ಕೆ ಬಾರದು. ಎರಡು ಕೀಲಿ ಮಾಡಿಸಿ, ಒಂದನ್ನು ಆ ದಿನ ಕೋಣೆ ಬಳಸುವ ಶಿಕ್ಷಕರಿಗೇ ಕೊಡಿ. ವಾರದ ವೇಳಾಪಟ್ಟಿಯಲ್ಲಿ ಪ್ರತಿ ವಿಷಯಕ್ಕೂ ಒಂದೊಂದು ಪಿರಿಯಡ್ ಬರೆದು ಬಾಗಿಲಿಗೆ ಅಂಟಿಸಿ. ಬಾಗಿಲ ಹಿಂದೆ ದಾರದಲ್ಲಿ ಒಂದು ನೋಟ್‌ಬುಕ್ ಕಟ್ಟಿಡಿ: ತಾರೀಖು, ತೋರಿಸಿದ ತುಣುಕು, ಎಷ್ಟು ನಿಮಿಷ, ಕೆಟ್ಟದ್ದು ಏನು. ಕೊನೆಯ ಆ ಕಾಲಂ ತುಂಬಿದ್ದರೆ ರಿಪೇರಿಯವರಿಗೆ ಬಂದ ಕೂಡಲೇ ಕೆಲಸ ಸಿಗುತ್ತದೆ.